ಅಪರಾಧದ ಪೆಟ್ಟು ಯಾರಿಗೆ ಎಷ್ಟು? ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇವೆ. ಆರೋಪಿಗೆ ಎಷ್ಟು ವರ್ಷ ಶಿಕ್ಷೆ ಎಂಬುದು ಪೇಪರಿನಲ್ಲೇ ಬರುತ್ತದೆ. ದೂರು ಕೊಟ್ಟವರ ಗತಿ ಆಮೇಲೆ ಏನಾಯ್ತು ಅಂತ ಯಾರೂ ಬರೆಯುವುದಿಲ್ಲ. ಈ ಪುಟ ಅವರಿಗಾಗಿ. ಅಂಕಿಅಂಶ, ಕಾನೂನು ಇಡೀ ದೇಶದ್ದು, ಉದಾಹರಣೆ ಮಾತ್ರ ನಮ್ಮ ಕಡೆಯದು. ಯಾವ ಉದಾಹರಣೆಯೂ ಒಬ್ಬ ನಿರ್ದಿಷ್ಟ ವ್ಯಕ್ತಿಯ ಕಥೆ ಅಲ್ಲ.

ದೇಶದಲ್ಲಿ ವರ್ಷಕ್ಕೆ ಎಷ್ಟು ಅಪರಾಧ ಆಗುತ್ತದೆ? ಆ ಲೆಕ್ಕ ನಂಬಬಹುದಾ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, ಅಂದರೆ ಎನ್‌ಸಿಆರ್‌ಬಿ, ಈ ಲೆಕ್ಕ ಇಡುತ್ತದೆ. ಬ್ಯೂರೋ ಶುರುವಾಗಿದ್ದು 1986ರಲ್ಲಿ. ವರದಿ ಅದಕ್ಕೂ ಹಳೆಯದು, 1953ರಿಂದ ಬರುತ್ತಿದೆ. 2023ರ ವರದಿಯಲ್ಲಿ ಸುಮಾರು 62.4 ಲಕ್ಷ ಪ್ರಕರಣಗಳಿವೆ. ಅದರಲ್ಲಿ ಮಹಿಳೆಯರ ಮೇಲಿನವು ಸುಮಾರು 4.48 ಲಕ್ಷ, ಮಕ್ಕಳ ಮೇಲಿನವು 1.77 ಲಕ್ಷ. ಪರಿಶಿಷ್ಟ ಜಾತಿಯವರ ಮೇಲೆ 57 ಸಾವಿರಕ್ಕೂ ಜಾಸ್ತಿ, ಪರಿಶಿಷ್ಟ ಪಂಗಡದವರ ಮೇಲೆ ಸುಮಾರು 13 ಸಾವಿರ, ಅರವತ್ತು ದಾಟಿದವರ ಮೇಲೆ ಸುಮಾರು 28 ಸಾವಿರ.

ನಂಬಬಹುದು. ಆದರೆ ಅದು ಏನನ್ನು ಎಣಿಸುತ್ತದೆ ಅಂತ ಗೊತ್ತಿರಬೇಕು. ಅದು ಎಣಿಸುವುದು ಎಫ್‌ಐಆರ್‌ಗಳನ್ನು. ಠಾಣೆಯ ಮೆಟ್ಟಿಲು ಹತ್ತದ ನೋವು ಅಲ್ಲಿ ಇಲ್ಲ. ಮತ್ತೊಂದು ವಿಷಯ ಇದೆ. ಒಂದೇ ಎಫ್‌ಐಆರ್‌ನಲ್ಲಿ ಕೊಲೆ, ಕಳ್ಳತನ, ಬೆದರಿಕೆ ಮೂರೂ ಇದ್ದರೆ ಲೆಕ್ಕಕ್ಕೆ ಬರುವುದು ಎಲ್ಲಕ್ಕಿಂತ ಗಂಭೀರವಾದ ಒಂದು ಮಾತ್ರ. ಹಾಗಾಗಿ ಒಂದು ರಾಜ್ಯದಲ್ಲಿ ಸಂಖ್ಯೆ ಜಾಸ್ತಿ ಬಂತು ಅಂದರೆ ಅಲ್ಲಿ ಅಪರಾಧ ಜಾಸ್ತಿ ಅಂತಲೇ ಅರ್ಥ ಅಲ್ಲ. ಅಲ್ಲಿ ದೂರು ಬರೆದುಕೊಳ್ಳುವ ಪೊಲೀಸರು ಜಾಸ್ತಿ ಇರಬಹುದು.

ಅಮೆರಿಕದಲ್ಲಿ 1970ರ ದಶಕದಿಂದ, ಇಂಗ್ಲೆಂಡಿನಲ್ಲಿ 1982ರಿಂದ ಮನೆಮನೆಗೆ ಹೋಗಿ "ಕಳೆದ ವರ್ಷ ನಿಮಗೆ ಏನಾದರೂ ಆಯ್ತಾ, ದೂರು ಕೊಟ್ರಾ?" ಅಂತ ಕೇಳುವ ಸಮೀಕ್ಷೆ ಇದೆ. ನಮ್ಮಲ್ಲಿ ದೇಶದ ತುಂಬ ಪ್ರತಿ ವರ್ಷ ಹಾಗೆ ಕೇಳುವವರಿಲ್ಲ. ನಮ್ಮ ಲೆಕ್ಕದ ದೊಡ್ಡ ಕೊರತೆ ಇದೇ ಅಂತ ನನ್ನ ಅಭಿಪ್ರಾಯ.

ಒಂದೇ ಕಳ್ಳತನ ಎಲ್ಲರಿಗೂ ಒಂದೇ ನಷ್ಟ ಅಲ್ವಾ?

ಅಲ್ಲ. ಅಡಿಕೆ ಕಳ್ಳತನವನ್ನೇ ನೋಡಿ, ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ. ಕೊಯ್ಲಿನ ಕಾಲದಲ್ಲಿ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಬೆಳಗ್ಗೆ ಏಳುವಷ್ಟರಲ್ಲಿ ಇಲ್ಲ. ಕ್ವಿಂಟಲ್‌ಗೆ ಐವತ್ತು ಸಾವಿರದ ಆಸುಪಾಸು ರೇಟು ಇದ್ದಾಗ ಎರಡು ಕ್ವಿಂಟಲ್ ಹೋದರೆ ಲಕ್ಷ ರೂಪಾಯಿ ಹೋಯಿತು. ಎಫ್‌ಐಆರ್‌ನಲ್ಲಿ ಒಂದೇ ಸಾಲು: ಇಷ್ಟು ಕೆಜಿ, ಇಷ್ಟು ಮೌಲ್ಯ.

ಈಗ ಆ ಲಕ್ಷ ಯಾರದ್ದು ಅಂತ ಕೇಳಿ. ಹತ್ತು ಎಕರೆ ತೋಟದವರದ್ದಾದರೆ ಬೇಜಾರು, ಸಿಟ್ಟು, ಆಮೇಲೆ ಒಂದು ಸಿಸಿಟಿವಿ. ತೋಟ ಚೇಣಿಗೆ ಹಿಡಿದವನದ್ದಾದರೆ, ಅಂದರೆ ಫಸಲನ್ನು ಗುತ್ತಿಗೆಗೆ ತೆಗೆದುಕೊಂಡವನದ್ದಾದರೆ, ಕಥೆ ಬೇರೆ. ಅವನು ಮುಂಗಡ ಕೊಟ್ಟಿರುವುದು ಸಾಲ ತಂದು. ತೋಟದ ಯಜಮಾನರಿಗೆ ಕೊಡಬೇಕಾದ ಬಾಕಿ ಹಾಗೇ ಇರುತ್ತದೆ, ಕೊಯ್ದವರ ಕೂಲಿಯೂ ಇರುತ್ತದೆ. ದೂರು ಕೊಡಲು ಹೋದರೆ "ಇದು ನಿನ್ನದೇ ಅಡಿಕೆ ಅಂತ ಏನು ಗುರುತು?" ಅಂತ ಕೇಳುತ್ತಾರೆ. ಅಡಿಕೆ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲವಲ್ಲ. ಯಜಮಾನರ ಹತ್ತಿರ ಪಹಣಿ ಇದೆ, ಮಂಡಿಯ ಹಳೇ ಚೀಟಿಗಳಿವೆ. ಚೇಣಿಯವನ ಹತ್ತಿರ ಇರುವುದು ಬಾಯಿಮಾತಿನ ಒಪ್ಪಂದ.

ಇನ್ನು ಅಡಿಕೆ ಸುಲಿಯಲು ಬರುವ ಹೆಂಗಸರು. ಅವರದ್ದು ಒಂದು ಕಾಳೂ ಹೋಗಿಲ್ಲ, ಅವರ ಹೆಸರು ದೂರಿನಲ್ಲೂ ಇಲ್ಲ. ಆದರೆ ಮೊದಲು ಕರೆಸಿ ಕೇಳುವುದು ಅವರನ್ನೇ. "ನಿನ್ನ ಮಗ ಆವತ್ತು ಎಲ್ಲಿದ್ದ?" ಎಂಬ ಪ್ರಶ್ನೆ ಊರಿನಲ್ಲಿ ಒಮ್ಮೆ ಎದ್ದರೆ ಮುಂದಿನ ವರ್ಷ ಆ ಮನೆಯವರಿಗೆ ಸುಲಿಯುವ ಕೆಲಸಕ್ಕೆ ಕರೆ ಬರುವುದಿಲ್ಲ. ಕಳ್ಳ ಸಿಕ್ಕಿದ ಮೇಲೂ ಆ ಅನುಮಾನ ಪೂರ್ತಿ ಹೋಗುವುದಿಲ್ಲ.

ಕಳ್ಳತನ ಒಂದು, ಪೆಟ್ಟು ತಿಂದ ಮನೆ ಮೂರು, ದಾಖಲೆಯಲ್ಲಿ ಒಂದು. ಕೆಳಗಿನ ಹೆಚ್ಚಿನ ಉತ್ತರಗಳಲ್ಲೂ ಇದೇ ಕಾಣುತ್ತದೆ. ಏನು ಕಳೆದುಹೋಯಿತು ಎಂಬುದಕ್ಕಿಂತ, ಕಳೆದುಕೊಂಡವರ ಕೈಯಲ್ಲಿ ಇನ್ನೇನು ಉಳಿದಿತ್ತು ಎಂಬುದು ಪೆಟ್ಟಿನ ಆಳ ಹೇಳುತ್ತದೆ.

ಒಂದು ಕಿವಿಮಾತು: ಚೇಣಿ ಹಿಡಿಯುವವರು ಒಂದು ಹಾಳೆಯಲ್ಲಾದರೂ ಕರಾರು ಬರೆಸಿಕೊಳ್ಳಿ. ಒಣಗಲು ಹಾಕಿದಾಗ ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

ಕದ್ದ ಮಾಲು ಪೊಲೀಸರಿಗೆ ಸಿಕ್ಕಿದೆ. ಕೇಸು ಮುಗಿಯುವವರೆಗೆ ಠಾಣೆಯಲ್ಲೇ ಕೊಳೆಯಬೇಕಾ?

ಬೇಕಿಲ್ಲ. ಇಂಥ ಮಾಲನ್ನು ಮಹಜರು ಮಾಡಿ, ಫೋಟೊ ತೆಗೆದು, ಬಾಂಡ್ ಬರೆಸಿಕೊಂಡು ಬೇಗ ಮಾಲೀಕರಿಗೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿ. ಅಡಿಕೆ, ಕಾಳುಮೆಣಸು, ಬೈಕು, ಚಿನ್ನ ಎಲ್ಲಕ್ಕೂ ಇದೇ ದಾರಿ.

ಅಪರಾಧದಲ್ಲಿ ಜಾಸ್ತಿ ಪೆಟ್ಟು ತಿನ್ನುವುದು ಹೆಂಗಸರಾ, ಗಂಡಸರಾ?

ಯಾವ ಅಪರಾಧ ಎಂಬುದರ ಮೇಲೆ ಹೋಗುತ್ತದೆ. ಕೊಲೆಯಾಗುವವರಲ್ಲಿ ಗಂಡಸರೇ ಜಾಸ್ತಿ. 2022ರ ಲೆಕ್ಕದಲ್ಲಿ ಹತ್ತರಲ್ಲಿ ಸುಮಾರು ಏಳು ಮಂದಿ ಗಂಡಸರು. ಕಾರಣಗಳ ಪಟ್ಟಿಯಲ್ಲಿ ಮೊದಲು ಬರುವುದು ಜಗಳ, ತಕರಾರು. ಬೇಲಿ, ದಾರಿ, ಹಣದ ವಿಷಯಗಳು. ಸತ್ತವನ ಹಿಂದೆ ಉಳಿಯುವ ಹೆಂಡತಿ, ಮಕ್ಕಳು ಆ ಲೆಕ್ಕದಲ್ಲಿ ಕಾಣುವುದಿಲ್ಲ.

ಹೆಂಗಸರ ವಿಷಯದಲ್ಲಿ ಅಪಾಯ ಇರುವುದು ಹೊರಗಿನ ಕತ್ತಲಲ್ಲಿ ಅಂತ ನಾವು ಅಂದುಕೊಂಡಿದ್ದೇವೆ. ಅಂಕಿಅಂಶ ಹಾಗೆ ಹೇಳುವುದಿಲ್ಲ. ಮಹಿಳೆಯರ ಮೇಲಿನ ಪ್ರಕರಣಗಳಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಗಂಡ ಮತ್ತು ಅವನ ಮನೆಯವರ ಕ್ರೌರ್ಯದ್ದು. ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಆರೋಪಿಗಳು ಪರಿಚಿತರೇ: ನೆಂಟರು, ಪಕ್ಕದ ಮನೆಯವರು, ಗೆಳೆಯರು, ಕೆಲಸ ಕೊಟ್ಟವರು. "ಸಂಜೆ ಏಳರ ಮೇಲೆ ಹೊರಗೆ ಹೋಗಬೇಡ" ಎಂಬ ಬುದ್ಧಿಮಾತು ಯಾರನ್ನು ಕಾಪಾಡುತ್ತದೋ ನೀವೇ ಯೋಚಿಸಿ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ನಡೆದಿದ್ದು 2019ರಿಂದ 21ರವರೆಗೆ. ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂತ ದೇಶದಲ್ಲಿ ನೂರಕ್ಕೆ 29 ಹೆಂಗಸರು ಹೇಳಿದರೆ, ಕರ್ನಾಟಕದಲ್ಲಿ ಹೇಳಿದವರು ನೂರಕ್ಕೆ 44. ಅದರ ಹಿಂದಿನ ಸುತ್ತಿನಲ್ಲಿ ನಮ್ಮ ರಾಜ್ಯದ ಸಂಖ್ಯೆ 21ರ ಹತ್ತಿರ ಇತ್ತು. ಹಿಂಸೆಯೇ ಏರಿತೋ, ಹೇಳುವ ಧೈರ್ಯ ಏರಿತೋ, ಎರಡೂ ಇರಬಹುದು. ಹಿಂಸೆ ಅನುಭವಿಸಿದವರಲ್ಲಿ ಸಹಾಯ ಕೇಳಿದವರು ದೇಶದಲ್ಲಿ ನೂರಕ್ಕೆ 14 ಮಾತ್ರ. ಮುಕ್ಕಾಲು ಪಾಲು ಹೆಂಗಸರು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ, ತವರಿನಲ್ಲೂ ಹೇಳಿಲ್ಲ.

ಗಂಡ ಹೊಡೆಯುತ್ತಾನೆ. ಆದರೆ ಅವನನ್ನು ಜೈಲಿಗೆ ಹಾಕಿಸಲು ನನಗೆ ಇಷ್ಟ ಇಲ್ಲ. ಬೇರೆ ದಾರಿ ಇದೆಯಾ?

ಇದೆ. ಇಷ್ಟ ಇಲ್ಲ ಅನ್ನುವುದರಲ್ಲಿ ತಪ್ಪೇನೂ ಇಲ್ಲ. ಒಂಟಿ ಮನೆ, ಹತ್ತಿರದ ಮನೆಗೆ ಅರ್ಧ ಮೈಲಿ, ಪಹಣಿ ಅವನ ಹೆಸರಲ್ಲಿ, ಮಕ್ಕಳ ಶಾಲೆ ಇಲ್ಲೇ. ಗಂಡ ಜೈಲಿಗೆ ಹೋದರೆ ನಾಳೆ ಹಾಲು ಹಾಕುವುದು ಯಾರು ಅಂತ ಕೇಳುವ ಹೆಂಗಸನ್ನು "ಧೈರ್ಯ ಇಲ್ಲ" ಅಂತ ಬೈಯುವುದು ಸುಲಭ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇಂಥವರಿಗಾಗಿಯೇ ಇದೆ. ಇದರಲ್ಲಿ ಮೊದಲು ಕೇಳುವುದು ಶಿಕ್ಷೆಯನ್ನಲ್ಲ, ರಕ್ಷಣೆಯನ್ನು. ಹೊಡೆಯಬಾರದು ಅಂತ ಆದೇಶ, ಅದೇ ಮನೆಯಲ್ಲಿ ಇರುವ ಹಕ್ಕು, ಖರ್ಚಿಗೆ ಹಣ, ಮಕ್ಕಳನ್ನು ಹತ್ತಿರ ಇಟ್ಟುಕೊಳ್ಳುವ ಆದೇಶ ಎಲ್ಲ ಸಿಗುತ್ತವೆ. ಮನೆ ಯಾರ ಹೆಸರಲ್ಲಿದ್ದರೂ ಹೆಂಡತಿಯನ್ನು ಹೊರಗೆ ಹಾಕುವಂತಿಲ್ಲ. ಆದೇಶ ಮೀರಿದರೆ ಮಾತ್ರ ಅದು ಅಪರಾಧ. ಅರ್ಜಿಯನ್ನು ಸಾಧ್ಯವಾದಷ್ಟು 60 ದಿನದಲ್ಲಿ ಮುಗಿಸಬೇಕು ಅಂತ ಕಾಯ್ದೆ ಹೇಳುತ್ತದೆ. ನಿಜದಲ್ಲಿ ಎಳೆಯುತ್ತದೆ, ಅದಕ್ಕೂ ತಯಾರಿರಿ.

ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋದರೆ ಅಲ್ಲಿ ಸಂರಕ್ಷಣಾಧಿಕಾರಿ ಸಿಗುತ್ತಾರೆ. ನಿಮ್ಮೂರಿನ ಅಂಗನವಾಡಿ ಟೀಚರ್ ಅದೇ ಇಲಾಖೆಯವರು, ದಾರಿ ತೋರಿಸುತ್ತಾರೆ. 181 ಮಹಿಳಾ ಸಹಾಯವಾಣಿ. ಆವತ್ತೇ ಮನೆ ಬಿಡಬೇಕಾದ ಪರಿಸ್ಥಿತಿ ಬಂದರೆ "ಸಖಿ" ಕೇಂದ್ರದಲ್ಲಿ ಕೆಲವು ದಿನ ಉಳಿಯಲು ಜಾಗ, ಚಿಕಿತ್ಸೆ, ವಕೀಲರ ಸಲಹೆ ಸಿಗುತ್ತದೆ.

ಅಪ್ಪ ಅಮ್ಮ ಇಬ್ಬರೇ ತೋಟದ ಮನೆಯಲ್ಲಿದ್ದಾರೆ, ನಾವು ಬೆಂಗಳೂರಲ್ಲಿ. ಯಾವುದಕ್ಕೆ ಹೆದರಬೇಕು?

ಬಾಗಿಲು ಒಡೆಯುವ ಕಳ್ಳನಿಗೆ ಎಲ್ಲರೂ ಹೆದರುತ್ತಾರೆ. ಆ ಹೆದರಿಕೆ ಸುಳ್ಳಲ್ಲ. ಆದರೆ ವಯಸ್ಸಾದವರಿಗೆ ಆಗುವ ಅನ್ಯಾಯದಲ್ಲಿ ಸದ್ದಿಲ್ಲದ್ದೇ ಜಾಸ್ತಿ: ಫೋನಿನ ಮೋಸ, ಸಹಿ ಹಾಕಿಸಿಕೊಂಡ ಕಾಗದ, ಪಿಂಚಣಿ ಎಟಿಎಂ ಕಾರ್ಡನ್ನು ಮೊಮ್ಮಗ ಇಟ್ಟುಕೊಳ್ಳುವುದು. ಕೊನೆಯದನ್ನು ಯಾರೂ ಅಪರಾಧ ಅಂತ ಕರೆಯುವುದೂ ಇಲ್ಲ.

ಆಸ್ತಿ ಬರೆಸಿಕೊಂಡು ಆಮೇಲೆ ನೋಡಿಕೊಳ್ಳದ ಮಕ್ಕಳ ವಿಷಯಕ್ಕೆ 2007ರ ಹಿರಿಯ ನಾಗರಿಕರ ಕಾಯ್ದೆ ಇದೆ. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ. ನಮ್ಮ ಜಿಲ್ಲೆಯಲ್ಲಿ ಶಿವಮೊಗ್ಗ ಮತ್ತು ಸಾಗರ, ಎರಡು ಉಪವಿಭಾಗ. ಕಾಯ್ದೆಯ 23ನೇ ಕಲಂ ಪ್ರಕಾರ, "ನನ್ನನ್ನು ನೋಡಿಕೊಳ್ಳಬೇಕು" ಎಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ದಾನಪತ್ರ ಬರೆಸುವಾಗಲೇ ಆ ಷರತ್ತನ್ನು ಅಕ್ಷರದಲ್ಲಿ ಬರೆಸಿ. "ನಮ್ಮ ಹುಡುಗ ಹಾಗಲ್ಲ" ಅನ್ನುವುದು ಎಲ್ಲ ಮನೆಯ ಮಾತು. ಹಿರಿಯರ ಸಹಾಯವಾಣಿ 14567.

ಇನ್ನೊಂದು ಉಪಯೋಗದ ಮಾತು. ತನಿಖೆಗೆ ಅಂತ ಅರವತ್ತು ದಾಟಿದ ಗಂಡಸರನ್ನು, ಯಾವ ವಯಸ್ಸಿನ ಹೆಂಗಸರನ್ನೂ, ಅಂಗವಿಕಲರನ್ನು, ತೀವ್ರ ಕಾಯಿಲೆ ಇರುವವರನ್ನು ಠಾಣೆಗೇ ಬನ್ನಿ ಅಂತ ಒತ್ತಾಯಿಸುವಂತಿಲ್ಲ. ಪೊಲೀಸರೇ ಅವರಿದ್ದಲ್ಲಿಗೆ ಬರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಇದು. ಆಗುಂಬೆ ಕಡೆಯ ಅಜ್ಜನನ್ನು ಮಳೆಗಾಲದಲ್ಲಿ ಮೂರು ಸಲ ಅಲೆಸುವುದಕ್ಕೆ ಕಾನೂನಿನ ಬೆಂಬಲ ಇಲ್ಲ.

ಫೋನಿನಲ್ಲಿ ಮೋಸ ಹೋದೆ. ಹೇಳಿಕೊಳ್ಳಲು ನಾಚಿಕೆ. ಹಣ ವಾಪಸ್ ಬರುತ್ತಾ?

ನಾಚಿಕೆಯನ್ನು ಆಮೇಲೆ ಇಟ್ಟುಕೊಳ್ಳಿ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಒಂದು ಅಕೌಂಟಿನಿಂದ ಇನ್ನೊಂದಕ್ಕೆ, ಅಲ್ಲಿಂದ ಹತ್ತಕ್ಕೆ ಹಾರುವ ಮೊದಲು ತಡೆದರೆ ಮಾತ್ರ ಸಿಗುವ ಅವಕಾಶ. ಬ್ಯಾಂಕಿಗೂ ಅದೇ ಹೊತ್ತಿನಲ್ಲಿ ತಿಳಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಜಿಲ್ಲೆಯಲ್ಲಿ ಇಂಥದ್ದಕ್ಕೆ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ ಇದೆ.

2023ರಲ್ಲಿ ದೇಶದಲ್ಲಿ ದಾಖಲಾದ 86 ಸಾವಿರ ಸೈಬರ್ ಪ್ರಕರಣಗಳಲ್ಲಿ ಸುಮಾರು 22 ಸಾವಿರ ಕರ್ನಾಟಕದ್ದೇ. 2024ರಲ್ಲಿ ಸೈಬರ್ ವಂಚನೆಯಿಂದ ದೇಶದ ಜನ ಕಳೆದುಕೊಂಡಿದ್ದು 22,845 ಕೋಟಿ ರೂಪಾಯಿ ಅಂತ ಕೇಂದ್ರ ಸರ್ಕಾರವೇ ಸಂಸತ್ತಿನಲ್ಲಿ ಹೇಳಿದೆ. ಡಾಕ್ಟರು, ಎಂಜಿನಿಯರು, ನಿವೃತ್ತ ಅಧಿಕಾರಿಗಳೂ ಮೋಸ ಹೋಗಿದ್ದಾರೆ. ನೀವೊಬ್ಬರೇ ದಡ್ಡರಲ್ಲ.

ನಿಮ್ಮ ತಪ್ಪಿಲ್ಲದೆ, ಹೊರಗಿನವರ ಕೈವಾಡದಿಂದ ಹಣ ಹೋಗಿ, ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದರೆ ನಿಮಗೆ ನಷ್ಟ ಬರಬಾರದು ಎಂಬುದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ. ಓಟಿಪಿ ನೀವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದ್ದು ಬ್ಯಾಂಕಿನದ್ದು. ಅದಕ್ಕೇ ಒಂದೊಂದು ಗಂಟೆಯೂ ಮುಖ್ಯ.

"ಡಿಜಿಟಲ್ ಅರೆಸ್ಟ್" ಅಂತ ಕಾನೂನಿನಲ್ಲಿ ಯಾವುದೂ ಇಲ್ಲ. ವಿಡಿಯೊ ಕಾಲ್‌ನಲ್ಲಿ ಯಾವ ಪೊಲೀಸರೂ ಯಾರನ್ನೂ ಬಂಧಿಸುವುದಿಲ್ಲ. ಇದನ್ನು ಈವತ್ತು ರಾತ್ರಿಯೇ ಮನೆಯ ಹಿರಿಯರಿಗೆ ಹೇಳಿ.

ನಾನು ಏನೂ ಮಾಡಿಲ್ಲ, ಆದರೆ ನನ್ನ ಅಕೌಂಟ್ ಫ್ರೀಜ್ ಆಗಿದೆ. ಯಾಕೆ?

ಹೀಗಾಗುವುದು ಹೆಚ್ಚಾಗಿ ಸಣ್ಣ ಅಂಗಡಿಯವರಿಗೆ. ಯಾರೋ ಗಿರಾಕಿ ಫೋನ್ ಪೇ ಮಾಡಿದ ಮುನ್ನೂರು ರೂಪಾಯಿ ಎಲ್ಲೋ ದೂರದ ಮೋಸದ ಹಣದ ಸರಪಳಿಯಲ್ಲಿ ಇತ್ತು ಅಂದರೆ, ಆ ಊರಿನ ಪೊಲೀಸರ ಕೋರಿಕೆಯ ಮೇಲೆ ನಿಮ್ಮ ಬ್ಯಾಂಕ್ ಅಕೌಂಟ್ ತಡೆಹಿಡಿಯುತ್ತದೆ. ಬ್ಯಾಂಕಿನಿಂದ ದೂರಿನ ನಂಬರ್, ಯಾವ ರಾಜ್ಯದ ಯಾವ ಠಾಣೆ, ಎಷ್ಟು ಮೊತ್ತ ಎಂಬ ಮೂರನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ಬಿಲ್ಲು, ವ್ಯಾಪಾರದ ದಾಖಲೆ ಜೊತೆ ಆ ಠಾಣೆಗೆ ಇಮೇಲ್ ಮಾಡಿ. ವಿವಾದದ ಮೊತ್ತ ಬಿಟ್ಟು ಉಳಿದ ಹಣ ಬಿಡಿ ಅಂತ ಸ್ಪಷ್ಟವಾಗಿ ಬರೆಯಿರಿ.

ಕಾಲೇಜು ಹುಡುಗರಿಗೆ ಒಂದು ಮಾತು. "ನಿನ್ನ ಅಕೌಂಟ್ ಒಂದು ತಿಂಗಳು ಕೊಡು, ಐದು ಸಾವಿರ ಕೊಡ್ತೀನಿ" ಅಂದವರಿಗೆ ಪಾಸ್‌ಬುಕ್, ಸಿಮ್ ಕೊಟ್ಟರೆ ಆರೋಪಿ ನೀವೇ ಆಗುತ್ತೀರಿ.

ಮಗುವಿಗೆ ಏನೋ ಆಗಿದೆ ಅಂತ ಅನುಮಾನ. ಠಾಣೆ, ಕೋರ್ಟು ಅಂತ ಅಲೆದರೆ ಮಗು ಇನ್ನೂ ಹೆದರುತ್ತೆ ಅಲ್ವಾ?

ಆ ಹೆದರಿಕೆ ಗೊತ್ತಿದ್ದೇ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಬರೆದಿದ್ದಾರೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೋ, ಮಗುವಿಗೆ ಇಷ್ಟವಾದ ಜಾಗದಲ್ಲೋ ತೆಗೆದುಕೊಳ್ಳಬೇಕು. ಆದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು, ಸಮವಸ್ತ್ರ ಹಾಕಿರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಕೋರ್ಟಿನಲ್ಲಿ ಆರೋಪಿಯ ಮುಖ ನೋಡುವ ಹಾಗೆ ನಿಲ್ಲಿಸುವಂತಿಲ್ಲ. ಮಗುವಿನ ಹೆಸರು, ಶಾಲೆ, ಊರು ಬಯಲು ಮಾಡುವುದು ಅಪರಾಧ. ಊರಿನ ವಾಟ್ಸಾಪ್ ಗುಂಪಿಗೂ ಇದು ಅನ್ವಯಿಸುತ್ತದೆ.

ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಕೂಡ ಅಪರಾಧ. "ಶಾಲೆಯ ಹೆಸರು ಹಾಳಾಗುತ್ತೆ" ಅಂತ ಮುಚ್ಚಿಡುವವರು ಇದನ್ನು ನೆನಪಿಟ್ಟುಕೊಳ್ಳಲಿ. ಮಕ್ಕಳ ಸಹಾಯವಾಣಿ 1098.

ಅಟ್ರಾಸಿಟಿ ಕೇಸು ಹಾಕಿದರೆ ಊರಲ್ಲಿ ಬಾಳಲು ಬಿಡಲ್ಲ ಅಂತಾರೆ. ನಿಜವಾ?

ಹೆದರಿಕೆ ನಿಜ. ಹಲ್ಲೆ ಒಂದು ದಿನದ್ದು, ಆಮೇಲಿನದ್ದು ವರ್ಷಗಟ್ಟಲೆ. ತೋಟದ ಕೆಲಸ ನಿಲ್ಲುತ್ತದೆ, ಅಂಗಡಿಯಲ್ಲಿ ಸಾಲ ನಿಲ್ಲುತ್ತದೆ, ತೋಟದ ನಡುವಿನ ಕಾಲುದಾರಿಗೆ ಬೇಲಿ ಬರುತ್ತದೆ. ಕೂಲಿ ಕೊಡುವವರೂ ಹೊಡೆದವರೂ ಒಂದೇ ಮನೆಯವರಾದಾಗ ದೂರು ಕೊಡುವುದು ಎಷ್ಟು ಕಷ್ಟ ಅಂತ ಪೇಟೆಯವರಿಗೆ ಗೊತ್ತಾಗುವುದಿಲ್ಲ.

ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ, ಅಂದರೆ ಅಟ್ರಾಸಿಟಿ ಕಾಯ್ದೆ, ಇದನ್ನೂ ಹಿಡಿದಿದೆ. ಸಾಮಾಜಿಕ, ಆರ್ಥಿಕ ಬಹಿಷ್ಕಾರವೇ ಬೇರೆ ಅಪರಾಧ. ತನಿಖೆ ಮಾಡಬೇಕಾದ್ದು ಡಿವೈಎಸ್‌ಪಿ ದರ್ಜೆಯವರು, 60 ದಿನದೊಳಗೆ. ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಪರಿಹಾರ 85 ಸಾವಿರದಿಂದ 8.25 ಲಕ್ಷದವರೆಗೆ, ಅಪರಾಧ ಯಾವುದು ಎಂಬುದರ ಮೇಲೆ. ಎಷ್ಟೋ ಅಪರಾಧಗಳಲ್ಲಿ ಎಫ್‌ಐಆರ್ ಹಂತದಲ್ಲೇ ಒಂದು ಕಂತು ಸಿಗುತ್ತದೆ, ತೀರ್ಪಿನವರೆಗೆ ಕಾಯಬೇಕಿಲ್ಲ. ಸಾಕ್ಷಿ ಹೇಳಲು ಹೋದ ದಿನದ ಬಸ್ ಚಾರ್ಜು, ಕೂಲಿ ಕೂಡ ಕೇಳಿ ಪಡೆಯಬಹುದು. ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಿರುವ ಕಚೇರಿಯವರೂ ತಾವಾಗಿ ಹೇಳುವುದು ಕಡಿಮೆ. ಹಸಲರು, ಹಕ್ಕಿಪಿಕ್ಕಿಗಳಂಥ ಸಣ್ಣ ಸಮುದಾಯದವರು ಜಾತಿ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಂಡರೆ ಪರಿಹಾರದ ಹಂತದಲ್ಲಿ ಅಲೆದಾಟ ತಪ್ಪುತ್ತದೆ. ಸಹಾಯವಾಣಿ 14566.

ಬೇರೆ ರಾಜ್ಯದ ಕೂಲಿಯವರು ಬಂದ ಮೇಲೆ ಕಳ್ಳತನ ಜಾಸ್ತಿ ಆಗಿದೆಯಲ್ಲ?

ಈ ಪ್ರಶ್ನೆ ಪ್ರತಿ ಸಲ ಬರುತ್ತದೆ. "ಅವರೇ" ಅಂತ ಬೆರಳು ತೋರಿಸುವವರ ಕೈಯಲ್ಲಿ ಆಧಾರ ಇರುವುದಿಲ್ಲ, ಅನುಮಾನ ಇರುತ್ತದೆ. ಕಾಫಿ, ಅಡಿಕೆ ತೋಟಗಳಿಗೆ ಅಸ್ಸಾಂ, ಜಾರ್ಖಂಡ್, ಬಂಗಾಳದಿಂದ ಬಂದವರೇ ಎಷ್ಟೋ ಸಲ ಪೆಟ್ಟು ತಿಂದವರು. ಮುಂಗಡದ ಹೆಸರಲ್ಲಿ ಕೂಲಿ ಹಿಡಿದಿಡುವುದು, ಆಧಾರ್ ಕಾರ್ಡ್ ಕಿತ್ತಿಟ್ಟುಕೊಳ್ಳುವುದು, ಲೈನ್ ಮನೆಯಲ್ಲಿ ಹೆಂಗಸರಿಗೆ ಕಾಟ. ಭಾಷೆ ಬರದವರ ದೂರು ಬರೆಯುವವರು ಯಾರು?

ಮುಂಗಡ ತೀರಿಸುವವರೆಗೆ ಬಿಡುವುದಿಲ್ಲ ಅನ್ನುವುದು 1976ರ ಕಾಯ್ದೆ ಪ್ರಕಾರ ಜೀತ. ಬಿಡುಗಡೆಯಾದವರಿಗೆ ಪುನರ್ವಸತಿಯ ಹಣ ಇದೆ: ಗಂಡಸರಿಗೆ 1 ಲಕ್ಷ, ಹೆಂಗಸರು ಮತ್ತು ಮಕ್ಕಳಿಗೆ 2 ಲಕ್ಷ, ತೀರಾ ಘೋರ ಪ್ರಕರಣದಲ್ಲಿ 3 ಲಕ್ಷ. ಅನುಮಾನದ ಮೇಲೆ ಕಂಬಕ್ಕೆ ಕಟ್ಟಿ ಹೊಡೆಯುವುದಂತೂ ಕಟ್ಟಿದವರನ್ನೇ ಆರೋಪಿ ಮಾಡುತ್ತದೆ. ಐದು ಅಥವಾ ಹೆಚ್ಚು ಜನ ಸೇರಿ, ಹುಟ್ಟಿದ ಊರು, ಭಾಷೆ, ಜಾತಿಯಂಥ ಕಾರಣಕ್ಕೆ ಕೊಂದರೆ ಹೊಸ ನ್ಯಾಯ ಸಂಹಿತೆಯಲ್ಲಿ ಜೀವಾವಧಿ ಇಲ್ಲವೇ ಮರಣದಂಡನೆ.

ಊರಲ್ಲಿ ಗಲಾಟೆ ಆಗಿ ಅಂಗಡಿ ಮುಚ್ಚಿದರೆ, ಆ ನಷ್ಟ ಯಾರ ಲೆಕ್ಕ?

ಯಾರ ಲೆಕ್ಕದಲ್ಲೂ ಇಲ್ಲ. 2022ರ ಫೆಬ್ರವರಿಯಲ್ಲಿ ಒಂದು ಕೊಲೆಯ ನಂತರ ಶಿವಮೊಗ್ಗ ನಗರದಲ್ಲಿ ನಿಷೇಧಾಜ್ಞೆ ಬಂತು, ಶಾಲೆ ಕಾಲೇಜು ಮುಚ್ಚಿದವು. ಕಲ್ಲೇಟಿಗೆ ಗಾಜು ಒಡೆದವರು ದೂರು ಕೊಡಬಹುದು. ತಳ್ಳುಗಾಡಿಯವರು, ಆಟೋದವರು, ಹೂ ಕಟ್ಟುವವರು ಕಳೆದುಕೊಂಡ ದಿನದ ದುಡಿಮೆಗೆ ಎಫ್‌ಐಆರ್ ಇಲ್ಲ. ತಿಂಗಳ ಸಂಬಳದವರಿಗೆ ಕರ್ಫ್ಯೂ ಒಂದು ರಜೆ, ದಿನದ ದುಡಿಮೆಯವರಿಗೆ ಬಡ್ಡಿ ಸಾಲ.

ಗಂಡಸಿನ ಮೇಲೆ, ಟ್ರಾನ್ಸ್‌ಜೆಂಡರ್ ವ್ಯಕ್ತಿಯ ಮೇಲೆ ಲೈಂಗಿಕ ದೌರ್ಜನ್ಯ ಆದರೆ?

ಇಲ್ಲಿ ಕಾನೂನೇ ಸೋತಿದೆ. ಗಂಡಸರ ಮೇಲಿನ ಲೈಂಗಿಕ ದೌರ್ಜನ್ಯಕ್ಕೂ ಬಳಕೆಯಾಗುತ್ತಿದ್ದ ಹಳೇ ದಂಡ ಸಂಹಿತೆಯ 377ನೇ ಕಲಂ ಹೊಸ ನ್ಯಾಯ ಸಂಹಿತೆಯಲ್ಲಿ ಇಲ್ಲ, ಅತ್ಯಾಚಾರದ ಕಲಂ ಹೆಂಗಸರಿಗೆ ಮಾತ್ರ. ಹಲ್ಲೆಯ ಕಲಂಗಳ ಅಡಿಯಲ್ಲಿ ದೂರು ಕೊಡಬೇಕು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ 2019ರ ಕಾಯ್ದೆ ತಂದಾಗ ಲೈಂಗಿಕ ದೌರ್ಜನ್ಯಕ್ಕೂ ಇಟ್ಟ ಗರಿಷ್ಠ ಶಿಕ್ಷೆ ಎರಡು ವರ್ಷ. ಹದಿನೆಂಟು ತುಂಬದ ಹುಡುಗರಿಗೆ ಪೋಕ್ಸೊ ಪೂರ್ತಿ ಅನ್ವಯಿಸುತ್ತದೆ.

ಠಾಣೆಯಲ್ಲಿ ದೂರು ತಗೊಳ್ಳದೆ "ಅರ್ಜಿ ಕೊಟ್ಟು ಹೋಗಿ, ವಿಚಾರಿಸ್ತೀವಿ" ಅಂತಾರೆ. ಏನು ಮಾಡಲಿ?

ಅರ್ಜಿಗೆ ಮೊದಲು ಸ್ವೀಕೃತಿ ಕೇಳಿ. ಸೀಲು, ಸಹಿ, ತಾರೀಖು ಇರಬೇಕು. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟಿಲ್ಲದ ಹಾಗೇ. ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. "ಇದು ನಮ್ಮ ಸರಹದ್ದಲ್ಲ" ಅನ್ನುವಂತಿಲ್ಲ. ಎಲ್ಲಿ ಬೇಕಾದರೂ ಕೊಡಬಹುದು, ಅದಕ್ಕೆ ಝೀರೋ ಎಫ್‌ಐಆರ್ ಅಂತಾರೆ. ಇಮೇಲ್‌ನಲ್ಲಿ ಕಳಿಸಿ ಮೂರು ದಿನದೊಳಗೆ ಹೋಗಿ ಸಹಿ ಹಾಕಬಹುದು. ಎಫ್‌ಐಆರ್ ಪ್ರತಿ ಉಚಿತ.

ಆಗಲೂ ಹಾಕಲಿಲ್ಲವೆಂದರೆ ಎಸ್‌ಪಿಯವರಿಗೆ ರಿಜಿಸ್ಟರ್ ಪೋಸ್ಟ್. ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು. ಠಾಣೆಯವರು ಹಿಂಬರಹ (ಅರ್ಜಿಗೆ ಲಿಖಿತ ಉತ್ತರ) ಕೊಟ್ಟು ಮುಗಿಸಿದ್ದರೆ ಆ ಹಿಂಬರಹವನ್ನೇ ಜೊತೆಗೆ ಲಗತ್ತಿಸಿ.

ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ನಿಮಗೆ ತಿಳಿಸಬೇಕು. "ಬಿ ರಿಪೋರ್ಟ್", ಅಂದರೆ ಕೇಸಿನಲ್ಲಿ ಹುರುಳಿಲ್ಲ ಅಂತ ಪೊಲೀಸರು ಮುಚ್ಚುವ ವರದಿ, ಬಂದರೆ ನಿಮಗೆ ನೋಟಿಸ್ ಬರುತ್ತದೆ, ಒಪ್ಪಿಗೆ ಇಲ್ಲದಿದ್ದರೆ ಕೋರ್ಟಿಗೆ ತಕರಾರು ಅರ್ಜಿ ಹಾಕಿ. "ಸಿ ರಿಪೋರ್ಟ್" ಅಂದರೆ ಆರೋಪಿ ಪತ್ತೆಯಾಗಿಲ್ಲ ಅಂತ. ಮುಂದೆ ಸುಳಿವು ಸಿಕ್ಕರೆ ಮತ್ತೆ ತೆರೆಯಬಹುದು.

ಆರೋಪಿಯೇ ಸಿಕ್ಕಿಲ್ಲ. ಪರಿಹಾರ ಯಾರು ಕೊಡುತ್ತಾರೆ?

ಸರ್ಕಾರ. ಆರೋಪಿ ಸಿಗಲಿ ಬಿಡಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ ಸಂತ್ರಸ್ತರ ಪರಿಹಾರ ಯೋಜನೆ 2011ರಿಂದ ಇದೆ. ಅರ್ಜಿಯ ವಿಚಾರಣೆ ಎರಡು ತಿಂಗಳಲ್ಲಿ ಮುಗಿಯಬೇಕು. ತುರ್ತು ಇದ್ದರೆ ಮಧ್ಯಂತರ ಪರಿಹಾರ ಕೇಳಿ. ಕೊಲೆಯಾದವರ ಅವಲಂಬಿತರೂ ಅರ್ಹರು.

ಹೆಂಗಸರಿಗೆ ಅಂತಲೇ 2018ರಲ್ಲಿ ಬಂದ ರಾಷ್ಟ್ರೀಯ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಆಸಿಡ್ ದಾಳಿಯಿಂದ ಮುಖ ವಿರೂಪವಾದರೆ 7ರಿಂದ 8 ಲಕ್ಷ ಎಂಬ ಅಳತೆ ಇದೆ. ಇಂಥ ಪ್ರಕರಣಗಳಲ್ಲಿ ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯೂ ಉಚಿತ ಚಿಕಿತ್ಸೆ ನಿರಾಕರಿಸುವಂತಿಲ್ಲ. "ಮೊದಲು ಎಫ್‌ಐಆರ್ ತನ್ನಿ" ಅನ್ನುವುದು ತಪ್ಪು.

ವಕೀಲರ ಖರ್ಚಿನ ಚಿಂತೆ ಬೇಡ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ತಾಲ್ಲೂಕು ಕೋರ್ಟಿನಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಿ.

ಊರಿನ ಹಿರಿಯರು ರಾಜಿ ಮಾಡಿಕೊಳ್ಳಿ ಅಂತಾರೆ.

ಬೇಲಿ ಜಗಳಕ್ಕೆ ರಾಜಿ ಒಳ್ಳೆಯದೇ. ಅತ್ಯಾಚಾರ, ಪೋಕ್ಸೊ, ಅಟ್ರಾಸಿಟಿ ಪ್ರಕರಣಗಳು ರಾಜಿಗೆ ಬರುವಂಥವಲ್ಲ. ರಾಜಿಯಲ್ಲಿ ಬಗ್ಗುವುದು ಯಾವಾಗಲೂ ಯಾರು ಅಂತ ಸ್ವಲ್ಪ ಗಮನಿಸಿ.

ಮನೆ ದರೋಡೆ ಆಗಿ ಎರಡು ವರ್ಷ ಆಯ್ತು. ಅಮ್ಮ ಈಗಲೂ ರಾತ್ರಿ ಮಲಗಲ್ಲ. ಇದಕ್ಕೂ ಸಹಾಯ ಇದೆಯಾ?

ಇದೆ, ಮತ್ತು ಕೇಳಿದ್ದು ಒಳ್ಳೆಯದಾಯಿತು. ಚಿನ್ನ ವಾಪಸ್ ಬಂದರೂ ನಿದ್ದೆ ಬರದಿರುವುದು ಸಾಮಾನ್ಯ. ನಾಯಿ ಬೊಗಳಿದರೆ ಎದ್ದು ಕೂರುವುದು, ಹಗಲಲ್ಲೂ ಚಿಲಕ ಹಾಕುವುದು, ತೋಟಕ್ಕೆ ಒಬ್ಬರೇ ಹೋಗಲು ಒಲ್ಲೆ ಅನ್ನುವುದು. "ಆಗಿದ್ದು ಆಯ್ತು ಬಿಡಮ್ಮ" ಅಂದರೆ ಹೋಗುವುದಿಲ್ಲ. 14416 ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ, ದಿನದ ಇಪ್ಪತ್ತನಾಲ್ಕು ಗಂಟೆ. ಜಿಲ್ಲೆಯಲ್ಲಿ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋಗಬಹುದು. ಹೋಗಲು ಒಪ್ಪದಿದ್ದರೆ ನಿದ್ದೆಯ ತೊಂದರೆಗೆ ಅಂತ ಊರಿನ ಆರೋಗ್ಯ ಕೇಂದ್ರದಿಂದಲೇ ಶುರು ಮಾಡಿ.

ನಮ್ಮ ಮನೆಯಲ್ಲಿ ನೆಟ್‌ವರ್ಕೇ ಇಲ್ಲ. ಈ ನಂಬರುಗಳೆಲ್ಲ ಏನು ಪ್ರಯೋಜನ?

ಸರಿಯಾದ ಪ್ರಶ್ನೆ. ಸಹಾಯವಾಣಿಗಳನ್ನು ಮಾಡುವವರು ಗುಡ್ಡದ ಕೆಳಗಿನ ಮನೆಯನ್ನು ನೆನಪಿಟ್ಟುಕೊಂಡು ಮಾಡುವುದಿಲ್ಲ. ತುರ್ತಿಗೆ 112 ಇದೆ. ಆದರೆ ಸಿಗ್ನಲ್ ಸಿಗುವ ಜಾಗಕ್ಕೆ ಅರ್ಧ ಗಂಟೆ ನಡೆಯಬೇಕಾದರೆ ಮೊದಲೇ ಕೆಲವು ಏರ್ಪಾಡು ಬೇಕು. ನಿಮ್ಮ ಹಳ್ಳಿಯ ಬೀಟ್ ಪೊಲೀಸ್ ಯಾರು ಅಂತ ಠಾಣೆಯಲ್ಲಿ ಕೇಳಿ ಹೆಸರು, ನಂಬರ್ ಬರೆದಿಡಿ. ವೈಫೈ ಇರುವ ಪಕ್ಕದ ಮನೆಯವರಿಗೆ, ಹಾಲಿನ ಡೇರಿಯವರಿಗೆ "ದಿನಾ ಬೆಳಗ್ಗೆ ನಾನು ಬರದಿದ್ದರೆ ಒಮ್ಮೆ ನೋಡಿ" ಅಂತ ಹೇಳಿಟ್ಟಿರಿ. ದೂರಿನ ಅರ್ಜಿ ಬರೆಯಲು ಗ್ರಾಮ ಪಂಚಾಯ್ತಿ ಗ್ರಂಥಾಲಯದಲ್ಲಿ ಕೇಳಿ, ಬರೆದುಕೊಡುವವರು ಒಬ್ಬರಾದರೂ ಸಿಗುತ್ತಾರೆ. 1930, 181, 1098, 14567, 15100, 112 ಈ ಆರನ್ನು ದೊಡ್ಡ ಅಕ್ಷರದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿ. ಹೊಸ ಕ್ಯಾಲೆಂಡರ್ ಹಾಕುವಾಗ ಆ ಚೀಟಿ ಕಿತ್ತು ಎಸೆಯಬೇಡಿ.